ಟ್ವಿಂಕಿ ಕಂಪನಿ ಮುಚ್ಚಿದ ಬಗೆ: ಅಮೆರಿಕದ ಕನ್ನಡಿಗ ಮತದಾರರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿ ನೆಲೆಸಿ, ಇಲ್ಲಿಯ ಪೌರತ್ವ ಪಡೆದು, ಮತ ಹಾಕುವ ಹಕ್ಕುಳ್ಳ ಕನ್ನಡಿಗ ಬಂಧುಗಳಲ್ಲಿ ಸವಿನಯ ವಂದನೆಗಳು.

2012ರ ನವೆಂಬರ್ 16ರಂದು, ಟೆಕ್ಸಸ್ ರಾಜ್ಯದ ಅರ್ವಿಂಗ್‌ನಲ್ಲಿ ಕೇಂದ್ರ ಕಚೇರಿ ಹೊಂದಿದ್ದ, ಟ್ವಿಂಕಿ ಎಂಬ ಕ್ರೀಮ್ ತುಂಬಿದ ಪುಟ್ಟ ಕೇಕನ್ನು ತಯಾರಿಸುತ್ತಿದ್ದ ಹೋಸ್ಟೆಸ್ ಬ್ರಾಂಡ್ಸ್ ಕಂಪನಿಯು ತನ್ನ 33 ಬೇಕರಿಗಳಲ್ಲಿ ಕೆಲಸ ನಿಲ್ಲಿಸಿ, ಇಡೀ ವ್ಯವಹಾರವನ್ನು ಮುಚ್ಚಿ ಆಸ್ತಿಗಳನ್ನು ಮಾರಲು ದಿವಾಳಿ ನ್ಯಾಯಾಲಯದ ಅನುಮತಿ ಕೇಳುತ್ತಿರುವುದಾಗಿ ಪ್ರಕಟಿಸಿತು. ಸುಮಾರು 18,500 ಜನರ ಕೆಲಸ ಹೋಗುವುದಿತ್ತು. ಅದಕ್ಕೆ ಒಂದು ವಾರ ಮುಂಚೆ, ನವೆಂಬರ್ 9ರಂದು, ಆ ಕಂಪನಿಯ ಬೇಕರಿ ಕಾರ್ಮಿಕರ ಯೂನಿಯನ್ ಮುಷ್ಕರ ಹೂಡಿತ್ತು. ಈ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಯೂನಿಯನ್ನಿನವರ ಹಟದಿಂದ ಟ್ವಿಂಕಿ ಕಂಪನಿ ಮುಳುಗಿತು ಎಂಬ ಮಾತು ಅಂದು ಹುಟ್ಟಿಕೊಂಡಿತು. ಕನ್ನಡ ಕೂಟಗಳ ಊಟದ ಪಂಕ್ತಿಯಲ್ಲಿ, ಮಕ್ಕಳ ಕಾಲೇಜು ಮತ್ತು ಷೇರುಪೇಟೆಯ ಮಾತು ಮುಗಿದು ದೇಶದ ರಾಜಕೀಯಕ್ಕೆ ಬಂದಾಗ, ಅದೇ ಮಾತು ಇಂದಿಗೂ ಉದಾಹರಣೆಯಾಗಿ ಬರುತ್ತದೆ.

ಆ ಮಾತಿನಲ್ಲಿ ಪೂರ್ಣ ಸುಳ್ಳಿಲ್ಲ. ಆದರೆ ಅದು ಕಥೆಯ ಕೊನೆಯ ವಾರವನ್ನು ಮಾತ್ರ ಹೇಳುತ್ತದೆ, ಅದಕ್ಕೂ ಹಿಂದಿನ ಎಂಟು ವರ್ಷಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟುಹೋದ ಆ ಭಾಗದಲ್ಲಿ ನಿಮ್ಮ ತೆರಿಗೆಯ ಹಣಕ್ಕೂ ನಿಮ್ಮ ನಿವೃತ್ತಿಯ ಉಳಿತಾಯಕ್ಕೂ ಸಂಬಂಧಿಸಿದ ಸಂಗತಿಯೊಂದು ಇರುವುದರಿಂದ, ಇಷ್ಟು ವರ್ಷಗಳ ಬಳಿಕ ಈ ಪತ್ರ ಬರೆಯುತ್ತಿದ್ದೇನೆ. ನೌಕರನ ಪಿಂಚಣಿ ನಿಧಿಗೆ ಮಾಲೀಕ ಕಟ್ಟಬೇಕಾದ ವಂತಿಗೆಯು ನೌಕರ ಆಗಲೇ ದುಡಿದು ಗಳಿಸಿದ ಕೂಲಿಯ ಭಾಗ. ಅದನ್ನು ಈ ದೇಶದ ದಿವಾಳಿ ಕಾನೂನು ಬಹುಮಟ್ಟಿಗೆ ಕೈಸಾಲದಂತೆ ನೋಡುತ್ತದೆ ಎಂಬುದು ನನ್ನ ಆಕ್ಷೇಪ. ಅದನ್ನು ಬದಲಿಸುವಂತೆ ನಿಮ್ಮ ಪ್ರತಿನಿಧಿಗಳನ್ನು ಕೇಳಿ ಎಂಬುದು ನನ್ನ ಕೋರಿಕೆ.

ನಮ್ಮಲ್ಲಿ ಅನೇಕರು ಟ್ವಿಂಕಿಯ ರುಚಿ ನೋಡಿಯೇ ಇಲ್ಲ. ಪೊಟ್ಟಣದ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಮೊಟ್ಟೆಯ ಜೊತೆಗೆ ದನದ ಕೊಬ್ಬಿನ ಹೆಸರೂ ಇದ್ದುದರಿಂದ, ಶಾಲೆಯಲ್ಲಿ ಗೆಳೆಯರ ಡಬ್ಬಿಯಲ್ಲಿ ಅದನ್ನು ಕಂಡು ಆಸೆಪಟ್ಟ ಮಕ್ಕಳಿಗೆ ಕಾರಣ ವಿವರಿಸಿ ಬೇರೆ ಏನನ್ನೋ ಕೊಡಿಸಿದ ತಾಯಂದಿರು ನಮ್ಮ ನಡುವೆ ಬಹಳ ಜನ ಇದ್ದಾರೆ. ಆದ್ದರಿಂದ ಆ ತಿಂಡಿಯ ಬಗ್ಗೆ ಎರಡು ಮಾತು ಹೇಳಬೇಕು. 1930ರಲ್ಲಿ ಇಲಿನಾಯ್ ರಾಜ್ಯದಲ್ಲಿ ಕಾಂಟಿನೆಂಟಲ್ ಬೇಕಿಂಗ್ ಎಂಬ ಕಂಪನಿಯ ವ್ಯವಸ್ಥಾಪಕನಾಗಿದ್ದ ಜೇಮ್ಸ್ ಡ್ಯೂವರ್, ಸ್ಟ್ರಾಬೆರಿ ಕಾಲ ಮುಗಿದ ಮೇಲೆ ಕೆಲಸವಿಲ್ಲದೆ ಕೂರುತ್ತಿದ್ದ ಅಚ್ಚುಗಳನ್ನು ವರ್ಷವಿಡೀ ಬಳಸುವ ಉಪಾಯವಾಗಿ, ಒಳಗೆ ಬಾಳೆಹಣ್ಣಿನ ಕ್ರೀಮ್ ತುಂಬಿದ ಈ ಪುಟ್ಟ ಕೇಕನ್ನು ರೂಪಿಸಿದ. ಎರಡನೇ ಮಹಾಯುದ್ಧದಲ್ಲಿ ಬಾಳೆಹಣ್ಣು ಸಿಗದಂತಾದಾಗ ಕ್ರೀಮ್ ವೆನಿಲಾಕ್ಕೆ ಬದಲಾಯಿತು, ಮುಂದೆ ಅದೇ ಟ್ವಿಂಕಿಯ ಮುಖ್ಯ ರುಚಿಯಾಗಿ ಉಳಿಯಿತು. ಹೋಸ್ಟೆಸ್ ಹೆಸರಿನ ಕಪ್‌ಕೇಕ್ ಇದಕ್ಕೂ ಹಳೆಯದು, 1919ರದ್ದು. ವಂಡರ್ ಬ್ರೆಡ್ ಎಂಬ ಬಿಳಿ ಬ್ರೆಡ್ಡು 1921ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿತು. ಈ ಎಲ್ಲ ಹೆಸರುಗಳು ಕೈ ಬದಲಾಯಿಸುತ್ತ ಬಂದು, 1995ರಲ್ಲಿ ಕ್ಯಾನ್ಸಸ್ ಸಿಟಿಯ ಇಂಟರ್‌ಸ್ಟೇಟ್ ಬೇಕರೀಸ್ ಎಂಬ ಕಂಪನಿಯ ಪಾಲಾದವು. ಅದೇ ಕಂಪನಿ ಮುಂದೆ ಹೋಸ್ಟೆಸ್ ಬ್ರಾಂಡ್ಸ್ ಎಂಬ ಹೆಸರು ತಳೆಯಿತು.

ಈ ಕಂಪನಿಗೆ ರೋಗ ಹಿಡಿದದ್ದು 2012ರಲ್ಲಿ ಅಲ್ಲ. ಜನ ಬಿಳಿ ಬ್ರೆಡ್ಡನ್ನೂ ಸಕ್ಕರೆಯ ತಿಂಡಿಯನ್ನೂ ಕಡಿಮೆ ಮಾಡತೊಡಗಿದ್ದರು. ಹಿಟ್ಟು, ಸಕ್ಕರೆ, ಡೀಸೆಲ್‌ಗಳ ಬೆಲೆ ಏರುತ್ತಿತ್ತು. ಬಿಂಬೊ, ಫ್ಲವರ್ಸ್‌ನಂಥ ಪ್ರತಿಸ್ಪರ್ಧಿಗಳು ಹೊಸ ಯಂತ್ರ ಹಾಕಿ ಹೊಸ ಬಗೆಯ ಬ್ರೆಡ್ಡು ಮಾರುತ್ತಿದ್ದಾಗ ಇವರು ಹಳೆಯ ಒಲೆ, ಹಳೆಯ ಲಾರಿಗಳಲ್ಲೇ ಕಾಲ ತಳ್ಳುತ್ತಿದ್ದರು. ಸರಕನ್ನು ಕಂಪನಿಯ ಚಾಲಕರೇ ಒಂದೊಂದು ಅಂಗಡಿಗೂ ಹೊತ್ತು ತಲುಪಿಸುವ ಪದ್ಧತಿ ಬಹಳ ದುಬಾರಿಯಾಗಿತ್ತು. ಯೂನಿಯನ್ನುಗಳ ಕಡೆಯ ದೋಷವನ್ನೂ ಮುಚ್ಚಿಡುವುದಿಲ್ಲ. ಕಂಪನಿಗೆ 372 ಪ್ರತ್ಯೇಕ ಕೂಲಿ ಒಪ್ಪಂದಗಳಿದ್ದವು. ಕೆಲವೆಡೆ ಬ್ರೆಡ್ಡನ್ನೂ ಕೇಕನ್ನೂ ಒಂದೇ ಲಾರಿಯಲ್ಲಿ ಸಾಗಿಸುವಂತಿರಲಿಲ್ಲ, ಲಾರಿ ಓಡಿಸುವವನು ಸರಕು ತುಂಬುವಂತಿರಲಿಲ್ಲ. ಇಂಥ ನಿಯಮಗಳನ್ನು ಸಮರ್ಥಿಸುವುದು ನನಗೆ ಸಾಧ್ಯವಿಲ್ಲ, ಆ ಕಾಲದಲ್ಲಿ ಯೂನಿಯನ್ನಿನ ಪರ ಬರೆದವರಲ್ಲಿ ಎಷ್ಟೋ ಜನ ಅವುಗಳ ಪ್ರಸ್ತಾಪವನ್ನೇ ಮಾಡದೆ ಜಾರಿಕೊಂಡದ್ದೂ ನನಗೆ ಸರಿ ಕಂಡಿಲ್ಲ.

2004ರ ಸೆಪ್ಟೆಂಬರ್‌ನಲ್ಲಿ ಕಂಪನಿ ಮೊದಲ ಬಾರಿಗೆ ದಿವಾಳಿ ನ್ಯಾಯಾಲಯದ ರಕ್ಷಣೆ ಬೇಡಿತು, ಅಲ್ಲಿಂದ ಹೊರಬಂದದ್ದು 2009ರ ಫೆಬ್ರವರಿಯಲ್ಲಿ. ನಾಲ್ಕು ವರ್ಷಕ್ಕೂ ಮೀರಿದ ಆ ಅವಧಿಯಲ್ಲಿ ಬೇಕರಿಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು, ಉಳಿದವರು ಕೂಲಿಯಲ್ಲಿ ಮತ್ತು ಸವಲತ್ತುಗಳಲ್ಲಿ ವರ್ಷಕ್ಕೆ ಸುಮಾರು 11 ಕೋಟಿ ಡಾಲರುಗಳಷ್ಟು ಬಿಟ್ಟುಕೊಟ್ಟರು. ಬಂಡವಾಳ ಹೂಡಿ ಒಡೆತನ ಹಿಡಿದದ್ದು ನ್ಯೂಯಾರ್ಕಿನ ರಿಪಲ್‌ವುಡ್ ಎಂಬ ಖಾಸಗಿ ಹೂಡಿಕೆ ಸಂಸ್ಥೆ, ಸುಮಾರು 13 ಕೋಟಿ ಡಾಲರ್ ಹಾಕಿ. ಸಾಲ ಕೊಟ್ಟು ಆಸ್ತಿಯ ಮೇಲೆ ಮೊದಲ ಹಕ್ಕು ಉಳಿಸಿಕೊಂಡವರು ಸಿಲ್ವರ್ ಪಾಯಿಂಟ್, ಮೊನಾರ್ಕ್ ಮುಂತಾದ, ಹೆಡ್ಜ್ ಫಂಡ್ ಎಂದು ಕರೆಯುವ ಹೂಡಿಕೆ ನಿಧಿಗಳು. ಈ ವ್ಯವಹಾರವನ್ನು ಕುದುರಿಸುವಲ್ಲಿ ಡೆಮಾಕ್ರಟಿಕ್ ಪಕ್ಷದ ಹಿರಿಯ ಸಂಸದರಾಗಿದ್ದ, ಕಾರ್ಮಿಕ ಸಂಘಗಳ ಮಿತ್ರರೆನಿಸಿದ್ದ ಡಿಕ್ ಗೆಫಾರ್ಟ್ ಅವರ ಪಾತ್ರವೂ ಇತ್ತು ಎಂಬುದನ್ನು, ಇದನ್ನು ಒಂದೇ ಪಕ್ಷದ ಪಾಪವೆಂದು ನೋಡುವವರು ಗಮನಿಸಬೇಕು. ದಿವಾಳಿ ನ್ಯಾಯಾಲಯಕ್ಕೆ ಹೋಗುವ ಕಂಪನಿ ಸಾಲದ ಹೊರೆ ಇಳಿಸಿಕೊಂಡು ಬರಬೇಕೆಂಬುದು ಲೋಕರೂಢಿಯ ತಿಳಿವಳಿಕೆ. ಹೋಸ್ಟೆಸ್ ಒಳಹೋದಾಗ ಇದ್ದುದಕ್ಕಿಂತ ಹೆಚ್ಚಿನ ಸಾಲ ಹೊತ್ತು ಹೊರಬಂದಿತು. ಹೊಸ ಒಲೆಗೂ ಹೊಸ ಲಾರಿಗೂ ಹೋಗಬೇಕಿದ್ದ ಹಣ ಬಡ್ಡಿಗೆ ಹೋಗತೊಡಗಿತು, ಸುಮಾರು ಹತ್ತು ವರ್ಷಗಳಲ್ಲಿ ಆರು ಮಂದಿ ಮುಖ್ಯಸ್ಥರು ಬಂದುಹೋದರು.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. 2011ರ ಆಗಸ್ಟ್‌ನಲ್ಲಿ, ಎರಡನೇ ಬಾರಿ ದಿವಾಳಿ ಘೋಷಣೆಗೆ ಇನ್ನೂ ಕೆಲವು ತಿಂಗಳು ಇರುವಾಗಲೇ, ಹೋಸ್ಟೆಸ್ ತನ್ನ ನೌಕರರ ಪಿಂಚಣಿ ನಿಧಿಗಳಿಗೆ ಹಣ ಕಟ್ಟುವುದನ್ನು ನಿಲ್ಲಿಸಿತು. ಇದರ ಅರ್ಥ ಪೂರ್ತಿ ತಿಳಿಯಬೇಕಾದರೆ ಇಲ್ಲಿಯ ಬೇಕರಿ ಕಾರ್ಮಿಕರ ಪಿಂಚಣಿ ಹೇಗೆ ನಡೆಯುತ್ತದೆಂಬುದು ಗೊತ್ತಿರಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಇರುವ 401(ಕೆ) ಎಂಬ ನಿವೃತ್ತಿ ಉಳಿತಾಯದ ಖಾತೆ ವ್ಯಕ್ತಿಯ ಹೆಸರಿನಲ್ಲಿ ಇರುತ್ತದೆ. ಬೇಕರಿ ಕೆಲಸಗಾರರದ್ದು ಹಾಗಲ್ಲ. ಒಂದು ಉದ್ಯಮದ ಹಲವು ಕಂಪನಿಗಳು ಸೇರಿ ಒಂದೇ ನಿಧಿಗೆ ಹಣ ಕಟ್ಟುತ್ತವೆ, ಅದನ್ನು ಮಾಲೀಕರ ಮತ್ತು ಯೂನಿಯನ್ನಿನ ಪ್ರತಿನಿಧಿಗಳು ಜಂಟಿಯಾಗಿ ನೋಡಿಕೊಳ್ಳುತ್ತಾರೆ. ಕೂಲಿ ಒಪ್ಪಂದವಾಗುವಾಗ, ಗಂಟೆಗೆ ಇಷ್ಟು ಹೆಚ್ಚಳ ಎಂದು ನಿಗದಿಯಾದದ್ದರಲ್ಲಿ ಒಂದು ಪಾಲನ್ನು ಕಾರ್ಮಿಕರು ಕೈಗೆ ಪಡೆಯದೆ ಪಿಂಚಣಿ ನಿಧಿಗೆ ಹೋಗಲಿ ಎಂದು ಒಪ್ಪಿಕೊಳ್ಳುತ್ತಾರೆ. ಹೋಸ್ಟೆಸ್ ನೌಕರರು ಹೀಗೆ ವರ್ಷಗಟ್ಟಲೆ ಕೂಲಿಯ ಹೆಚ್ಚಳವನ್ನು ಬಿಟ್ಟು ಪಿಂಚಣಿಯನ್ನು ಆರಿಸಿಕೊಂಡಿದ್ದರು. ಅಂದರೆ ಕಂಪನಿ ಕಟ್ಟದೆ ಉಳಿಸಿಕೊಂಡದ್ದು ಅವರು ಹಿಟ್ಟು ನಾದಿ, ಒಲೆಯ ಮುಂದೆ ನಿಂತು ಆಗಲೇ ಗಳಿಸಿದ್ದ ಹಣ. ಆ ಹಣವನ್ನು ಕಂಪನಿ ತನ್ನ ದಿನನಿತ್ಯದ ಖರ್ಚಿಗೆ ಬಳಸಿಕೊಂಡಿತೆಂದು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 2012ರ ಡಿಸೆಂಬರ್‌ನಲ್ಲಿ ವರದಿ ಮಾಡಿತು. ಕಾರ್ಮಿಕರ ಪಕ್ಷಪಾತಿಯೆಂದು ಯಾರೂ ಬೆರಳು ತೋರಿಸಲಾಗದ ಪತ್ರಿಕೆ ಅದು ಎಂಬ ಕಾರಣಕ್ಕೆ ಅದರ ಹೆಸರು ಹೇಳುತ್ತಿದ್ದೇನೆ. ಹೀಗೆ ಮಾಡಿದ್ದು ಅಪರಾಧವೆಂದು ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಕಟ್ಟದ ವಂತಿಗೆ ಕಂಪನಿಯ ಬಾಕಿಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಕೊಂಡಿತು, ಅಷ್ಟೆ.

2012ರ ಜನವರಿ 11ರಂದು ಹೋಸ್ಟೆಸ್ ಎರಡನೇ ಬಾರಿ ನ್ಯಾಯಾಲಯಕ್ಕೆ ಹೋದಾಗ ಸಲ್ಲಿಸಿದ ಪಟ್ಟಿಯಲ್ಲಿ, ಯಾವ ಅಡಮಾನವೂ ಇಲ್ಲದ ಸಾಲದಾತರ ಪೈಕಿ ಮೊದಲ ಹೆಸರು ಬೇಕರಿ ಕಾರ್ಮಿಕರ ಪಿಂಚಣಿ ನಿಧಿಯದ್ದೇ ಆಗಿತ್ತು, ಎದುರಿಗೆ ಸುಮಾರು 94 ಕೋಟಿ ಡಾಲರುಗಳ ಮೊತ್ತ. ಆ ಮೊತ್ತವೆಲ್ಲವೂ ಕಟ್ಟದೆ ಉಳಿದ ವಂತಿಗೆಯಲ್ಲ. ಜಂಟಿ ನಿಧಿಯಿಂದ ಹೊರಹೋಗುವ ಕಂಪನಿ ತನ್ನ ಪಾಲಿನ ಕೊರತೆಯನ್ನು ತುಂಬಿ ಹೋಗಬೇಕೆಂದು 1980ರ ಕಾನೂನು ಹೇಳುತ್ತದೆ, ದೊಡ್ಡ ಭಾಗ ಆ ಬಾಬಿನದ್ದು. ಆದರೆ ಕಾನೂನು ಹೇಳುವುದೊಂದು, ದಿವಾಳಿಯಲ್ಲಿ ಕೈಗೆ ಬರುವುದೊಂದು. ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರು ಮೊದಲು, ಪ್ರಕರಣ ನಡೆಸುವ ವಕೀಲರು ಮತ್ತು ಸಲಹೆಗಾರರ ಶುಲ್ಕ ಆಮೇಲೆ; ಅರ್ಜಿ ಸಲ್ಲಿಸುವ ಮೊದಲಿನ 180 ದಿನಗಳ ದುಡಿಮೆಗೆ ಸಂಬಂಧಿಸಿದ ವಂತಿಗೆಗೆ ಮಾತ್ರ, ಅದೂ ತಲೆಗೊಂದು ಮಿತಿಯೊಳಗೆ, ಒಂದಿಷ್ಟು ಆದ್ಯತೆ. ಕೂಲಿ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯುವ ಆ ಮಿತಿ 2025ರ ಏಪ್ರಿಲ್‌ನಿಂದ ತಲೆಗೆ 17,150 ಡಾಲರ್. ಮಿಕ್ಕದ್ದೆಲ್ಲ ಸಾಲಿನ ಕೊನೆಗೆ.

ಮುಷ್ಕರದ ವಿಷಯಕ್ಕೆ ಬರೋಣ. ಕಂಪನಿ ಮುಂದಿಟ್ಟ ಕೊನೆಯ ಒಪ್ಪಂದದಲ್ಲಿ ಮೊದಲ ವರ್ಷ ಕೂಲಿಯಲ್ಲಿ ಶೇಕಡ 8ರ ಕಡಿತವಿತ್ತು. ಆರೋಗ್ಯ ವಿಮೆಯ ಹೊರೆಯಲ್ಲಿ ನೌಕರರ ಪಾಲು ಹೆಚ್ಚುವುದಿತ್ತು. ಪಿಂಚಣಿ ವಂತಿಗೆ 2015ರ ತನಕ ನಿಂತು, ಆಮೇಲೂ ಹಿಂದಿನದಕ್ಕಿಂತ ಬಹಳ ಕಡಿಮೆ ದರದಲ್ಲಿ ಮರಳುವುದಿತ್ತು. ಪ್ರತಿಯಾಗಿ ಕಂಪನಿಯಲ್ಲಿ ಶೇಕಡ 25ರ ಒಡೆತನ ಮತ್ತು ನಿರ್ದೇಶಕ ಮಂಡಳಿಯಲ್ಲಿ ಎರಡು ಸ್ಥಾನ ಕೊಡುತ್ತೇವೆಂದರು. ಚಾಲಕರ ಯೂನಿಯನ್ ಆದ ಟೀಮ್‌ಸ್ಟರ್ಸ್, ಕಂಪನಿಯ ಲೆಕ್ಕಪತ್ರಗಳನ್ನು ತನ್ನದೇ ತಜ್ಞರಿಂದ ಪರೀಕ್ಷಿಸಿ, ಅಲ್ಪ ಬಹುಮತದಿಂದ ಇದಕ್ಕೆ ಒಪ್ಪಿತು. ಮುಚ್ಚುವ ಬೆದರಿಕೆ ಹುಸಿಯಲ್ಲವೆಂದು ಬೇಕರಿ ಕಾರ್ಮಿಕರಿಗೆ ಬಹಿರಂಗವಾಗಿಯೇ ಎಚ್ಚರಿಸಿತು. ಬೇಕರಿ ಕಾರ್ಮಿಕರು ಶೇಕಡ 92ರಷ್ಟು ಮತಗಳಿಂದ ತಿರಸ್ಕರಿಸಿದರು. ಅವರ ನಾಯಕರ ಅಂದಾಜು ತಪ್ಪಿತ್ತೇ ಎಂದು ಕೇಳಿದರೆ, ಕಂಪನಿ ಕೊನೆಗೂ ಮುಚ್ಚುವುದಿಲ್ಲ, ಯಾರಾದರೂ ಕೊಳ್ಳುತ್ತಾರೆ ಎಂದು ಅವರು ನಂಬಿದ್ದರೆ ಅದು ಅರ್ಧ ಮಾತ್ರ ನಿಜವಾಯಿತು ಎಂದೇ ಹೇಳಬೇಕು: ಕೊಳ್ಳುವವರು ಬಂದರು, ಆದರೆ ಹಳೆಯ ನೌಕರರನ್ನು ಕೊಳ್ಳಲು ಬಂದಿರಲಿಲ್ಲ. ಹಾಗಿದ್ದೂ, ಒಮ್ಮೆ ಬಿಟ್ಟುಕೊಟ್ಟು ಹೂಡಿಕೆಯ ಭರವಸೆ ಈಡೇರದ್ದನ್ನು ಕಂಡವರು, ಹದಿನೈದು ತಿಂಗಳಿಂದ ತಮ್ಮ ಪಿಂಚಣಿಯ ಹಣ ನಿಧಿಗೆ ಸೇರುತ್ತಿಲ್ಲವೆಂದು ತಿಳಿದವರು, ಇನ್ನೊಮ್ಮೆ ಬಿಟ್ಟುಕೊಡಿ ಎಂದಾಗ ಒಲ್ಲೆವೆಂದರೆ ಅದನ್ನು ಬರಿಯ ಹಟವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ತನ್ನ ಬಾಕಿ ಕೂಲಿಯನ್ನು ಕೇಳುವ ಆಳಿಗೆ ‘ಇನ್ನಷ್ಟು ಕಡಿಮೆಗೆ ಬಾ’ ಎನ್ನುವ ಸಾಹುಕಾರನನ್ನು ನಾವು ಊರಿನಲ್ಲಿ ಕಂಡಿದ್ದರೆ ಏನೆನ್ನುತ್ತಿದ್ದೆವೋ ಅದನ್ನೇ ಇಲ್ಲಿಯೂ ಅನ್ನಬೇಕಲ್ಲವೇ?

ಇದೇ ಅವಧಿಯಲ್ಲಿ ಮೇಲಿನ ಮಹಡಿಯಲ್ಲಿ ನಡೆದದ್ದನ್ನೂ ಹೇಳಬೇಕು. ಮುಖ್ಯಸ್ಥರಾಗಿದ್ದ ಬ್ರಯನ್ ಡ್ರಿಸ್ಕಾಲ್ ಅವರ ವಾರ್ಷಿಕ ಸಂಬಳವನ್ನು ದಿವಾಳಿಗೆ ಹೋಗುವ ಮುಂಚಿನ ತಿಂಗಳುಗಳಲ್ಲಿ 7.5 ಲಕ್ಷ ಡಾಲರಿನಿಂದ 25 ಲಕ್ಷಕ್ಕೂ ಮೇಲೆ ಏರಿಸಲಾಗಿತ್ತು. ದಿವಾಳಿಯಲ್ಲಿರುವ ಕಂಪನಿಯ ಅಧಿಕಾರಿಗಳಿಗೆ ಬೋನಸ್ ಕೊಡಲು 2005ರ ಕಾನೂನು ಹಾಕಿದ ಕಟ್ಟುಪಾಡನ್ನು ತಪ್ಪಿಸಲೆಂದೇ ಹೀಗೆ ಸಂಬಳ ಏರಿಸಿದಂತಿದೆ ಎಂದು ಸಾಲದಾತರ ಸಮಿತಿ ನ್ಯಾಯಾಲಯದಲ್ಲಿ ಆರೋಪಿಸಿತು. ಡ್ರಿಸ್ಕಾಲ್ 2012ರ ಮಾರ್ಚ್‌ನಲ್ಲಿ ಹೊರನಡೆದರು. ಅವರ ಸ್ಥಾನಕ್ಕೆ ಬಂದ ಗ್ರೆಗರಿ ರೇಬರ್ನ್ ಕಾಲದಲ್ಲಿ ಕೆಲವು ಹಿರಿಯ ಅಧಿಕಾರಿಗಳ ಸಂಬಳವನ್ನು ವರ್ಷದ ಕೊನೆಯ ತನಕ ಒಂದು ಡಾಲರಿಗೆ ಇಳಿಸಿದರು ಎಂಬುದೂ ದಾಖಲೆಯಲ್ಲಿದೆ. ಆದರೆ ನವೆಂಬರ್ 21ರಂದು ನ್ಯಾಯಾಧೀಶ ರಾಬರ್ಟ್ ಡ್ರೇನ್ ಕಂಪನಿ ಮುಚ್ಚಲು ಅನುಮತಿ ಕೊಟ್ಟರು, ಸುಮಾರು 15,000 ಜನ ತಕ್ಷಣ ಮನೆಗೆ ಹೋದರು, ಇದಾದ ಒಂದು ವಾರದ ಬಳಿಕ ಅದೇ ನ್ಯಾಯಾಲಯ ಮುಚ್ಚುವ ಕೆಲಸವನ್ನು ಚೊಕ್ಕವಾಗಿ ಮುಗಿಸಿಕೊಡಲೆಂದು 19 ಅಧಿಕಾರಿಗಳಿಗೆ ಒಟ್ಟು 18 ಲಕ್ಷ ಡಾಲರುಗಳ ತನಕ ಬೋನಸ್ಸಿಗೆ ಒಪ್ಪಿಗೆ ನೀಡಿತು. ಹೋಸ್ಟೆಸ್‌ನ ಸಾಲದ ಎದುರು ಆ ಮೊತ್ತ ಏನೇನೂ ಅಲ್ಲ. ಆದರೂ, ಮುಂದೆ ಮಾಡಲಿರುವ ಕೆಲಸಕ್ಕೆ ಅಧಿಕಾರಿಗೆ ಹಣ ಖಾತ್ರಿಯಾಗಬಹುದು, ಹಿಂದೆ ಮಾಡಿಯಾದ ಕೆಲಸದ ಪಿಂಚಣಿ ವಂತಿಗೆ ಖಾತ್ರಿಯಾಗಲಾರದು ಎಂಬ ವ್ಯವಸ್ಥೆ ಆ ಒಂದು ಆದೇಶದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನ್ಯಾಯಾಧೀಶರನ್ನು ದೂರಿ ಪ್ರಯೋಜನವಿಲ್ಲ. ಅವರು ಇದ್ದ ಕಾನೂನನ್ನು ಅನ್ವಯಿಸಿದರು.

ಮುಚ್ಚಿದ ಕಂಪನಿಯ ಹೆಸರುಗಳು ಬೇಗನೆ ಮಾರಾಟವಾದವು. ವಂಡರ್ ಬ್ರೆಡ್ ಮತ್ತಿತರ ಬ್ರೆಡ್ಡುಗಳು 36 ಕೋಟಿ ಡಾಲರಿಗೆ ಫ್ಲವರ್ಸ್ ಕಂಪನಿಗೆ ಹೋದವು. ಟ್ವಿಂಕಿಯೂ ಸೇರಿ ಹೋಸ್ಟೆಸ್ ಕೇಕುಗಳನ್ನು ಅಪೊಲೊ ಎಂಬ ಹೂಡಿಕೆ ಸಂಸ್ಥೆ ಮತ್ತು ಮೆಟ್ರೊಪೌಲಸ್ ಎಂಬ ಉದ್ಯಮಿ ಕುಟುಂಬ 41 ಕೋಟಿ ಡಾಲರಿಗೆ ಕೊಂಡರು. 2013ರ ಜುಲೈ 15ರಂದು ಟ್ವಿಂಕಿ ಅಂಗಡಿಗೆ ಮರಳಿತು, ದೇಶ ಸಂಭ್ರಮಿಸಿತು. ಹೊಸ ಮಾಲೀಕರ ಜಾಣತನವನ್ನು ಒಪ್ಪಲೇಬೇಕು. ಅವರು ಕ್ಯಾನ್ಸಸ್‌ನ ಎಂಪೋರಿಯಾದಲ್ಲಿ ದೊಡ್ಡ ಸ್ವಯಂಚಾಲಿತ ಯಂತ್ರ ಹಾಕಿದರು. ಕೇಕು ಕೆಡದೆ ಉಳಿಯುವ ಅವಧಿಯನ್ನು 26 ದಿನಗಳಿಂದ ಮೊದಲು 45ಕ್ಕೆ, ಆಮೇಲೆ 65ಕ್ಕೆ ಏರಿಸಿದರು. ಅಂಗಡಿ ಅಂಗಡಿಗೆ ಸುತ್ತುವ ಚಾಲಕರನ್ನು ಬಿಟ್ಟು ನೇರ ಗೋದಾಮುಗಳಿಗೆ ಸರಕು ಕಳಿಸಿದರು. ಹಳೆಯ ಕಂಪನಿ ಹತ್ತು ವರ್ಷ ಮುಂಚೆ ಮಾಡಬೇಕಿದ್ದ ಕೆಲಸ ಇದೇ. ಆದರೆ ಅವರ ಯಶಸ್ಸಿಗೆ ಇನ್ನೊಂದು ಕಾರಣವೂ ಇದೆ: ದಿವಾಳಿ ಮಾರಾಟದಲ್ಲಿ ಹೆಸರು, ಪಾಕವಿಧಾನ, ಐದು ಬೇಕರಿಗಳು ಬಂದವು, ಪಿಂಚಣಿಯ ಬಾಕಿ ಬರಲಿಲ್ಲ. 2015ರಲ್ಲಿ ಈ ಮಾಲೀಕರು ಕಂಪನಿಯ ಹೆಸರಿನಲ್ಲಿ ಹೊಸ ಸಾಲ ಎತ್ತಿ ತಮಗೆ ತಾವೇ ಸುಮಾರು 90 ಕೋಟಿ ಡಾಲರ್ ಲಾಭಾಂಶ ಕೊಟ್ಟುಕೊಂಡರು. 2016ರಲ್ಲಿ ಕಂಪನಿಯ ಬೆಲೆ ಸುಮಾರು 230 ಕೋಟಿ ಡಾಲರ್ ಎಂದು ಕಟ್ಟಿ ಷೇರುಪೇಟೆಗೆ ತರಲಾಯಿತು, 2023ರಲ್ಲಿ ಜಾಮಿಗೆ ಹೆಸರಾದ ಸ್ಮಕರ್ ಕಂಪನಿ ಸಾಲವೂ ಸೇರಿ ಸುಮಾರು 560 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಷ್ಟು ಕೊಟ್ಟವರಿಗೆ ಆಮೇಲೆ ಬಿಕ್ಕಟ್ಟು ಬಂತು, 2025ರಲ್ಲಿ ಇಂಡಿಯಾನಾಪೊಲಿಸ್‌ನ ಬೇಕರಿಯನ್ನು ಮುಚ್ಚುವುದಾಗಿ ಪ್ರಕಟಿಸಿದರು.

ಪಿಂಚಣಿ ನಿಧಿಯ ಕೊರತೆ ಏನಾಯಿತು? ಬೇಕರಿ ಕಾರ್ಮಿಕರ ನಿಧಿ ಮೊದಲೇ ದುರ್ಬಲವಾಗಿತ್ತು. ದೊಡ್ಡ ಕಂಪನಿಯೊಂದು ಹೀಗೆ ಹೊರಹೋದ ಮೇಲೆ ಅದರ ನೌಕರರಿಗೂ ಪಿಂಚಣಿ ಕೊಡುವ ಹೊಣೆ ಉಳಿದ ಕಂಪನಿಗಳ ವಂತಿಗೆಯ ಮೇಲೆ ಬಿತ್ತು. ಇಂಥ ಜಂಟಿ ನಿಧಿಗಳು ಬರಿದಾದರೆ ಸರ್ಕಾರಿ ವಿಮಾ ನಿಗಮ ಕೊಡುತ್ತಿದ್ದ ಖಾತರಿ, ಮೂವತ್ತು ವರ್ಷ ದುಡಿದವನಿಗೂ ವರ್ಷಕ್ಕೆ 12,870 ಡಾಲರುಗಳನ್ನು ಮೀರುತ್ತಿರಲಿಲ್ಲ. ಆ ನಿಗಮದ ಈ ವಿಭಾಗವೂ ಮುಳುಗುವ ಸ್ಥಿತಿಗೆ ಬಂದಾಗ, 2021ರಲ್ಲಿ ಇಲ್ಲಿಯ ಸಂಸತ್ತಾದ ಕಾಂಗ್ರೆಸ್ಸು ವಿಶೇಷ ನೆರವಿನ ಯೋಜನೆಯೊಂದನ್ನು ಅಂಗೀಕರಿಸಿತು. ಅದರಡಿಯಲ್ಲಿ ಚಾಲಕರ ದೊಡ್ಡ ನಿಧಿಯಾದ ಸೆಂಟ್ರಲ್ ಸ್ಟೇಟ್ಸ್‌ಗೆ 2022ರ ಕೊನೆಯಲ್ಲಿ ಸುಮಾರು 3,580 ಕೋಟಿ ಡಾಲರ್ ಮಂಜೂರಾಯಿತು. ಬೇಕರಿ ಕಾರ್ಮಿಕರ ನಿಧಿಗೂ ನೂರಾರು ಕೋಟಿ ಡಾಲರುಗಳ ನೆರವು ಒದಗಿತು. ಈ ಕೊರತೆಗಳೆಲ್ಲ ಹೋಸ್ಟೆಸ್ ಒಂದರಿಂದಲೇ ಬಂದವೆಂದು ನಾನು ಹೇಳುತ್ತಿಲ್ಲ. 2008ರ ಷೇರುಪೇಟೆಯ ಕುಸಿತ, ನಿವೃತ್ತರ ಸಂಖ್ಯೆಯ ಏರಿಕೆ, ಟ್ರಸ್ಟಿಗಳ ತಪ್ಪು ಅಂದಾಜುಗಳು ಎಲ್ಲವೂ ಇದ್ದವು. ಆದರೆ ಹೋಸ್ಟೆಸ್ ಕಟ್ಟದೆ ಬಿಟ್ಟದ್ದರ ಭಾರದಲ್ಲಿ ಒಂದು ಪಾಲನ್ನು ಕೊನೆಗೆ ಹೊತ್ತವರು ತೆರಿಗೆದಾರರು, ಅಂದರೆ ನಾವು ನೀವು. ಆ ನೆರವು ತಪ್ಪೆಂದೂ ನಾನು ಹೇಳುವುದಿಲ್ಲ. ಕಾಂಗ್ರೆಸ್ಸು ತೂತಿಗೆ ಹಣ ತುಂಬಿತು, ತೂತು ಬೀಳುವ ಕಾನೂನನ್ನು ಹಾಗೆಯೇ ಬಿಟ್ಟಿತು ಎಂಬುದೇ ನನ್ನ ದೂರು.

ಇದಕ್ಕೆ ಬೇರೆ ದಾರಿ ಇಲ್ಲವೇ ಎಂದು ಕೇಳುವವರು ನಾವು ಬಿಟ್ಟುಬಂದ ದೇಶದ ಕಾನೂನನ್ನು ಒಮ್ಮೆ ನೋಡಬಹುದು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಾಲ್ಕು ವರ್ಷ ದುಡಿದು ಬಂದವರಿಗೂ ಪಿಎಫ್ ಎಂದರೆ ಏನೆಂದು ಗೊತ್ತು. ಭಾರತದ 2016ರ ದಿವಾಳಿ ಸಂಹಿತೆಯ 36ನೇ ಕಲಮು, ನೌಕರರಿಗೆ ಭವಿಷ್ಯ ನಿಧಿ, ಪಿಂಚಣಿ ನಿಧಿ ಮತ್ತು ಗ್ರಾಚ್ಯುಟಿ ನಿಧಿಯಿಂದ ಸಲ್ಲಬೇಕಾದ ಹಣವನ್ನು, ಸಾಲದಾತರಿಗೆ ಹಂಚುವ ಆಸ್ತಿಯ ಲೆಕ್ಕದಿಂದಲೇ ಹೊರಗಿಡುತ್ತದೆ. ಜೆಟ್ ಏರ್‌ವೇಸ್ ಪ್ರಕರಣದಲ್ಲಿ ನೌಕರರ ಪಿಎಫ್ ಮತ್ತು ಗ್ರಾಚ್ಯುಟಿ ಬಾಕಿಯನ್ನು ಕಂಪನಿ ಪಡೆಯಲು ಬಂದವರು ಕೊಡಲೇಬೇಕೆಂದು ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಆದೇಶಿಸಿತು, 2023ರಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲು ನಿರಾಕರಿಸಿತು. ಆ ಬಳಿಕವೂ ಹಣ ಕೈಸೇರದೆ, 2024ರ ನವೆಂಬರ್‌ನಲ್ಲಿ ಕಂಪನಿಯನ್ನೇ ಬರಖಾಸ್ತು ಮಾಡಲು ಅದೇ ಕೋರ್ಟು ಆದೇಶಿಸಬೇಕಾಯಿತು. ಆದ್ದರಿಂದ ಭಾರತದಲ್ಲಿ ಎಲ್ಲವೂ ಸರಿಯಿದೆ ಎಂಬ ಭ್ರಮೆ ಬೇಡ. ಹಾಗಿದ್ದರೂ ನೌಕರನ ನಿಧಿಯ ಹಣ ಸಾಲದಾತನ ಹಣವಲ್ಲ ಎಂಬ ತತ್ವವನ್ನು ಅಲ್ಲಿಯ ಶಾಸನ ನೇರವಾಗಿ ಬರೆದಿಟ್ಟಿದೆ, ಇಲ್ಲಿಯದು ಬರೆದಿಲ್ಲ.

ನಮ್ಮ 401(ಕೆ) ಖಾತೆ ಭದ್ರವಾಗಿದೆ, ಬೇಕರಿಯವರ ಪಾಡು ನಮಗೇಕೆ ಎನ್ನುವವರಿಗೆ ಒಂದು ಮಾತು. ನಮ್ಮ ಹೆಸರಿನ ಖಾತೆಗೆ ಸೇರಿದ ಹಣ ಕಂಪನಿಯ ದಿವಾಳಿಗೆ ಸಿಕ್ಕುವುದಿಲ್ಲ ಎಂಬುದು ನಿಜ. ಆದರೆ 2025ರ ಆಗಸ್ಟ್ 7ರಂದು ಅಧ್ಯಕ್ಷ ಟ್ರಂಪ್ ಅವರು ಸಹಿ ಹಾಕಿದ ಆದೇಶವು, 401(ಕೆ) ಯೋಜನೆಗಳ ಹಣ ಖಾಸಗಿ ಹೂಡಿಕೆ ನಿಧಿಗಳಿಗೂ ಹರಿಯಲು ದಾರಿ ಸುಗಮ ಮಾಡುವಂತೆ ಕಾರ್ಮಿಕ ಇಲಾಖೆಗೆ ಸೂಚಿಸಿತು. ಹೋಸ್ಟೆಸ್‌ನಲ್ಲಿ ರಿಪಲ್‌ವುಡ್ ತನ್ನ ಹಣ ಕಳೆದುಕೊಂಡಿತು, ಅಪೊಲೊ ಹಲವು ಪಟ್ಟು ಗಳಿಸಿತು. ಇಂಥ ಸಂಸ್ಥೆಗಳ ನಿಧಿಗೆ ನಮ್ಮ ಉಳಿತಾಯ ಸೇರಿದರೆ, ಸೋತ ಕಡೆ ನಾವಿದ್ದರೆ ನಷ್ಟ ನಮ್ಮದು. ಗೆದ್ದ ಕಡೆ ಇದ್ದರೆ, ನಮ್ಮ ಲಾಭದಲ್ಲಿ ಯಾವುದೋ ಊರಿನ ಬೇಕರಿ ಕೆಲಸಗಾರನ ಕಟ್ಟದ ಪಿಂಚಣಿಯೂ ಬೆರೆತಿರಬಹುದು. ಈ ಎರಡನೆಯದರ ಬಗ್ಗೆ ಯಾವ ಹೂಡಿಕೆ ಸಲಹೆಗಾರನೂ ನಮಗೆ ಹೇಳುವುದಿಲ್ಲ.

ಆದುದರಿಂದ ನನ್ನ ಕೋರಿಕೆ ಇಷ್ಟು. ಇಲಿನಾಯ್‌ನ ಸೆನೆಟರ್ ಡಿಕ್ ಡರ್ಬಿನ್ ಅವರು ದಿವಾಳಿಯಲ್ಲಿ ನೌಕರರ ಮತ್ತು ನಿವೃತ್ತರ ಹಕ್ಕುಗಳನ್ನು ಬಲಪಡಿಸುವ, ಅಧಿಕಾರಿಗಳ ಬೋನಸ್ಸಿಗೆ ಕಡಿವಾಣ ಹಾಕುವ ಮಸೂದೆಯನ್ನು ಹಲವು ಬಾರಿ ಮಂಡಿಸಿದ್ದಾರೆ. ಅದು ಒಮ್ಮೆಯೂ ಅಂಗೀಕಾರವಾಗಿಲ್ಲ. ನಿಮ್ಮ ಕ್ಷೇತ್ರದ ಪ್ರತಿನಿಧಿಯೂ ನಿಮ್ಮ ರಾಜ್ಯದ ಸೆನೆಟರುಗಳೂ ಅಂಥ ಮಸೂದೆಗೆ ಬೆಂಬಲ ಕೊಡುತ್ತಾರೆಯೇ ಎಂದು ಬರೆದು ಕೇಳಿ. ಅದರ ಜೊತೆಗೆ ಒಂದು ನಿರ್ದಿಷ್ಟ ತಿದ್ದುಪಡಿಯನ್ನೂ ಕೇಳಿ: ಕೂಲಿ ಒಪ್ಪಂದದಂತೆ ಪಿಂಚಣಿ ನಿಧಿಗೆ ಹೋಗಬೇಕಾದ ವಂತಿಗೆಯು, ಕೆಲಸ ಮಾಡಿದ ದಿನದಿಂದಲೇ ನೌಕರರ ಪರವಾಗಿ ಕಂಪನಿಯ ಬಳಿ ಇರುವ ನಂಬಿಕೆಯ ಹಣವೆಂದು ಪರಿಗಣಿತವಾಗಬೇಕು, 180 ದಿನಗಳ ಗಡಿಯೂ ತಲೆಗೊಂದು ಮಿತಿಯೂ ಅದಕ್ಕೆ ಅನ್ವಯಿಸಬಾರದು, ಅದನ್ನು ಕಟ್ಟಿ ಮುಗಿಸುವ ತನಕ ಯಾವ ಅಧಿಕಾರಿಗೂ ಬೋನಸ್ ಸಲ್ಲಬಾರದು. ನೌಕರರ ಸಂಬಳದಿಂದ ಹಿಡಿದ ತೆರಿಗೆಯನ್ನು ಇಲ್ಲಿಯ ಕಾನೂನು ಈಗಾಗಲೇ ಸರ್ಕಾರಕ್ಕಾಗಿ ಇಟ್ಟ ನಂಬಿಕೆಯ ಹಣವೆಂದೇ ನೋಡುತ್ತದೆ, ಕಟ್ಟದಿದ್ದರೆ ಅದಕ್ಕೆ ಹೊಣೆಯಾದ ಅಧಿಕಾರಿಯನ್ನು ವೈಯಕ್ತಿಕವಾಗಿಯೂ ಹಿಡಿಯುತ್ತದೆ. ಸರ್ಕಾರ ತನ್ನ ಪಾಲಿಗೆ ಮಾಡಿಕೊಂಡ ಏರ್ಪಾಡನ್ನು ಬೇಕರಿ ಕೆಲಸಗಾರನಿಗೂ ಮಾಡಿಕೊಡಲಿ ಎಂಬುದಷ್ಟೇ ಬೇಡಿಕೆ.

ಬರೆದ ಪತ್ರಕ್ಕೆ ಸಿದ್ಧಪಡಿಸಿಟ್ಟ ಉತ್ತರವೊಂದು ಬರುವುದು ಬಹುತೇಕ ಖಚಿತ. ಹಾಗಾಗಿ 2026ರ ನವೆಂಬರ್ ಚುನಾವಣೆಗೆ ಮುನ್ನ ಅಭ್ಯರ್ಥಿಗಳು ನಮ್ಮ ದೇವಸ್ಥಾನಗಳಿಗೂ ಕನ್ನಡ ಕೂಟಗಳ ಸಮಾರಂಭಗಳಿಗೂ ಬಂದು ಶಾಲು ಹೊದಿಸಿಕೊಂಡು ನಾಲ್ಕು ಮಾತಾಡುವಾಗ, ವೀಸಾ ವಿಚಾರದ ಪ್ರಶ್ನೆಗಳ ನಡುವೆ ಈ ಒಂದು ಪ್ರಶ್ನೆಯನ್ನೂ ಎದ್ದುನಿಂತು ಕೇಳಿ, ಅವರು ಕೊಟ್ಟ ಉತ್ತರವನ್ನು ಬರೆದಿಟ್ಟುಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮಂತೆಯೇ ಇಲ್ಲಿ ಮತ ಹಾಕುವ ಒಬ್ಬ ಕನ್ನಡಿಗ